ಒತ್ತಕ್ಷರಕ್ಕೂ ಜಾಗ ಬಿಡುವ ಸ್ಲೈಡ್

ವಾಡಿಯಿಂದ ರಾಯಚೂರಿನತ್ತ ಹೋಗುವ ರೈಲಿನಲ್ಲಿ ಬಂದು ನಾಲವಾರದಲ್ಲಿ ಇಳಿಯುವ ಪರವೂರಿನವರ ದಾರಿ ಸಾಮಾನ್ಯವಾಗಿ ಎರಡು. ಒಂದು ಕೋರಿಸಿದ್ಧೇಶ್ವರ ಮಠಕ್ಕೆ, ಇನ್ನೊಂದು ಭೀಮಾ ದಂಡೆಯ ಸನ್ನತಿಗೆ. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದು ತೆಗೆದ ಬೌದ್ಧ ಸ್ತೂಪದ ಸುಣ್ಣಕಲ್ಲಿನ ಫಲಕಗಳಲ್ಲಿ ಒಂದು ಶಿಸ್ತಿದೆ. ಚಿತ್ರಕ್ಕೆ ದೊಡ್ಡ ಜಾಗ, ಅದಕ್ಕೊಂದು ಚೌಕಟ್ಟು, ಪಟ್ಟಿಯಲ್ಲಿ ಚಿಕ್ಕದಾಗಿ ಬ್ರಾಹ್ಮಿ ಬರಹ. ಅಶೋಕನ ಶಿಲ್ಪವಿರುವ ಪ್ರಸಿದ್ಧ ಫಲಕದಲ್ಲಿ ಇರುವುದು ಎರಡೇ ಪದ: ‘ರಾಯ ಅಸೋಕೋ’. ಫಲಕ ಬದಲಾದರೂ ಕಟ್ಟು ಬದಲಾಗಿಲ್ಲ.

ಇವತ್ತು ಶಾಲೆಯ ಸ್ಮಾರ್ಟ್ ಕ್ಲಾಸಿನಲ್ಲಿ, ಸಿಮೆಂಟ್ ಕಾರ್ಖಾನೆಯ ಸುರಕ್ಷತಾ ಸಭೆಯಲ್ಲಿ, ಪಂಚಾಯಿತಿಯ ತರಬೇತಿಯಲ್ಲಿ ಗೋಡೆಯ ಮೇಲೆ ಬೀಳುವ ಸ್ಲೈಡುಗಳಿಗೆ ಬೇಕಾದದ್ದೂ ಇಂಥದೇ ಕಟ್ಟು. ಟೆಂಪ್ಲೇಟ್ ಎಂದರೆ ಅದೇ. ಪವರ್‌ಪಾಯಿಂಟ್ ಬಂದದ್ದು 1987ರಲ್ಲಿ; ಇವತ್ತು ಅದಕ್ಕೆ ಸಿದ್ಧ ಟೆಂಪ್ಲೇಟುಗಳಿಗೆ ಬರವಿಲ್ಲ. ತೊಂದರೆಯೆಂದರೆ ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಕ್ಷರದ ಅಳತೆಗೆ ಹೊಲಿದವು. ಕನ್ನಡ ತುಂಬಿದೊಡನೆ ಎಲ್ಲೋ ಒಂದು ಕಡೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ.

ಎಲ್ಲಿ ಕೆಡುತ್ತದೆ?

ಮೊದಲನೆಯದು ಸಾಲಿನ ಅಂತರ. ಪವರ್‌ಪಾಯಿಂಟ್‌ನ ಮೂಲ ಥೀಮಿನಲ್ಲಿ ಅದು 0.9. ಇಂಗ್ಲಿಷಿಗೆ ಸಾಕು. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಮಳಖೇಡದ ಪಾಠಕ್ಕೆ ‘ರಾಷ್ಟ್ರಕೂಟ’ ಎಂದು ಬರೆದರೆ ‘ಷ್ಟ್ರ’ದ ಎರಡು ಒತ್ತುಗಳು ಕೆಳಸಾಲಿನ ತಲೆಗೆ ತಾಗುತ್ತವೆ. ಅಂತರವನ್ನು 1.1ರಿಂದ 1.2ಕ್ಕೆ ಏರಿಸಿದರೆ ಈ ಗುದ್ದಾಟ ನಿಲ್ಲುತ್ತದೆ.

ಎರಡನೆಯದು ಫಾಂಟ್. ಥೀಮ್ ಕಡತದೊಳಗೆ ಒಂದೊಂದು ಲಿಪಿಗೂ ಒಂದೊಂದು ಫಾಂಟ್ ಗೊತ್ತುಮಾಡಿ ಇಟ್ಟಿರುತ್ತಾರೆ. ಆಫೀಸಿನ ಮೂಲ ಥೀಮಿನಲ್ಲಿ ಕನ್ನಡಕ್ಕೆ ಇರುವುದು ತುಂಗಾ. ಅದರ ಗೆರೆಗಳು ತೆಳು. ಹಿಂದಿನ ಬೆಂಚಿನವರಿಗೆ ಕಾಣವು. ವಿಂಡೋಸ್ 10ರಿಂದ ತುಂಗಾ ಬೇಕೆಂದರೆ ಹಾಕಿಕೊಳ್ಳುವ ಹೆಚ್ಚುವರಿ ಫಾಂಟ್ ಆಗಿದೆ. ಅದಿಲ್ಲದ ಕಂಪ್ಯೂಟರಿನಲ್ಲಿ ನಿರ್ಮಲಾ ಯುಐ ಬಂದು ಕೂತು ಸಾಲುಗಳು ಅತ್ತಿತ್ತ ಸರಿಯುತ್ತವೆ. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತವಾದರೆ, ಆ ಫಾಂಟ್ ಇಲ್ಲದ ಕಡೆ ಕನ್ನಡವೇ ಮಾಯವಾಗಿ ಇಂಗ್ಲಿಷ್ ಅಕ್ಷರಗಳ ಗೋಜಲು ಉಳಿಯುತ್ತದೆ. ಆದ್ದರಿಂದ ಬರಹ ಯೂನಿಕೋಡ್‌ನಲ್ಲೇ ಇರಲಿ.

ಮೂರನೆಯದು ಶೀರ್ಷಿಕೆಯ ಜಾಗ. ‘ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ’ ಒಂದು ಸಾಲಿನ ಪೆಟ್ಟಿಗೆಗೆ ಹಿಡಿಸುವ ಹೆಸರಲ್ಲ. ಹಿಡಿಸದಿದ್ದರೆ ತಂತ್ರಾಂಶ ಅಕ್ಷರವನ್ನೇ ಕುಗ್ಗಿಸುತ್ತದೆ. ಒಂದು ಸ್ಲೈಡಿನ ಶೀರ್ಷಿಕೆ ದೊಡ್ಡದು, ಮುಂದಿನದು ಚಿಕ್ಕದು. ಕನ್ನಡ ಟೆಂಪ್ಲೇಟಿನಲ್ಲಿ ಶೀರ್ಷಿಕೆಗೆ ಎರಡು ಸಾಲಿನ ಜಾಗ ಬಿಡಲೇಬೇಕು. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ, ಓರೆಯಾಗಿಸುವ ಇಂಗ್ಲಿಷ್ ಅಲಂಕಾರಗಳೂ ನಮ್ಮ ದುಂಡು ಲಿಪಿಗೆ ಒಗ್ಗುವುದಿಲ್ಲ. ಒತ್ತು ಕೊಡಬೇಕಾದರೆ ದಪ್ಪಕ್ಷರ ಅಥವಾ ಬಣ್ಣ ಸಾಕು.

ಮಾಡುವುದು ಹೇಗೆ?

ಪವರ್‌ಪಾಯಿಂಟ್‌ನಲ್ಲಿ ‘ವ್ಯೂ’ ಒಳಗಿನ ‘ಸ್ಲೈಡ್ ಮಾಸ್ಟರ್’ ತೆರೆಯಿರಿ. ಎಡಗಡೆ ಎಲ್ಲಕ್ಕೂ ಮೇಲೆ ಇರುವುದು ಮಾಸ್ಟರ್. ಅದರಲ್ಲಿ ಬದಲಾಯಿಸಿದ್ದು ಕೆಳಗಿನ ಲೇಔಟುಗಳಿಗೆಲ್ಲ ಇಳಿಯುತ್ತದೆ. ಮಾಸ್ಟರ್‌ನ ಇಂಗ್ಲಿಷ್ ಸೂಚನಾ ಸಾಲನ್ನು ಅಳಿಸಿ ಕನ್ನಡದಲ್ಲಿ ಬರೆದು, ಅದನ್ನು ಆಯ್ದುಕೊಂಡು ಫಾಂಟ್ ಕೊಡಿ. ಶೀರ್ಷಿಕೆಗೆ ಅನೇಕ್ ಕನ್ನಡ ಇಲ್ಲವೇ ಬಲೂ ತಮ್ಮ 2, ಒಳಬರಹಕ್ಕೆ ನೋಟೊ ಸ್ಯಾನ್ಸ್ ಕನ್ನಡ ಒಪ್ಪುತ್ತವೆ, ಮೂರೂ ಉಚಿತ. ಒಳಬರಹ 24 ಪಾಯಿಂಟಿಗಿಂತ ಕೆಳಗೆ ಇಳಿಯಬಾರದು.

ಲೇಔಟುಗಳ ರಾಶಿ ಬೇಡ. ಮುಖಪುಟ, ಚಿತ್ರ ಮತ್ತು ಕಿರುಬರಹ, ಅಂಶಗಳ ಪಟ್ಟಿ, ಎರಡರ ಹೋಲಿಕೆ, ಪ್ರಶ್ನೆ: ಈ ಐದಿದ್ದರೆ ಶಾಲೆಯ ಬಹುತೇಕ ಪಾಠ ನಡೆಯುತ್ತದೆ. ಉಳಿದವನ್ನು ಅಳಿಸಿಬಿಡಿ. ಬಳಿಕ ‘ಸೇವ್ ಆ್ಯಸ್’ನಲ್ಲಿ ‘ಪವರ್‌ಪಾಯಿಂಟ್ ಟೆಂಪ್ಲೇಟ್’ ಆಯ್ದು ಉಳಿಸಿ. ಪಾಠದ ಕಡತ ಬೇರೆ ಕಡೆ ಒಯ್ಯುವಾಗ ಆಪ್ಷನ್ಸ್‌ನಲ್ಲಿ ಫಾಂಟುಗಳನ್ನೂ ಕಡತದೊಳಗೆ ಸೇರಿಸಿ, ಜೊತೆಗೊಂದು ಪಿಡಿಎಫ್ ಪ್ರತಿ ಇಟ್ಟುಕೊಳ್ಳಿ. ಹಣ ಕೊಡದೆ ಸಿಗುವ ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲೂ ಇದೆಲ್ಲ ಸಾಧ್ಯ. ಅಲ್ಲಿ ಭಾಷಾ ಸೆಟ್ಟಿಂಗಿನಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಒತ್ತಿದರೆ ಕನ್ನಡಕ್ಕೆ ಪ್ರತ್ಯೇಕ ಫಾಂಟ್ ಗೊತ್ತುಮಾಡಬಹುದು.

ಬಣ್ಣ ನಮ್ಮ ನೆಲದಿಂದ

ಥೀಮಿಗೆ 12 ಬಣ್ಣ ಕೂರಿಸಬಹುದು. ಕಣ್ಣಿಗೆ ಕಾಣಬೇಕಾದದ್ದು ಮೂರೋ ನಾಲ್ಕೋ. ನಾಲವಾರದ ಸುತ್ತ ಹುಡುಕುವ ಕಷ್ಟವೇನೂ ಇಲ್ಲ. ಬರಹಕ್ಕೆ ಎರೆಮಣ್ಣಿನ ಕಪ್ಪು, ಪಟ್ಟಿಗಳಿಗೆ ಶಹಾಬಾದ್ ಫರಸಿಯ ಬೂದು, ಎತ್ತಿ ತೋರಿಸಲು ತೊಗರಿ ಹೂವಿನ ಹಳದಿ, ಕಾಡಿನ ಪಾಠಕ್ಕೆ ಚಿಂಚೋಳಿಯ ಹಸಿರು. ಆದರೆ ಹಳದಿಯನ್ನು ಬಿಳಿಯ ಮೇಲೆ ಬರಹಕ್ಕೆ ಬಳಸಿದರೆ ಯಾರಿಗೂ ಓದಲಾಗದು. ಅದು ಕಪ್ಪಿನ ಮೇಲೆ ಮಾತ್ರ ಗೆಲ್ಲುತ್ತದೆ. ಓದಲು ಹಿತವಾಗಬೇಕಾದರೆ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ಕಿಟಕಿ ಮುಚ್ಚಲಾಗದ ಬೇಸಿಗೆಯ ಕೋಣೆಯಲ್ಲಿ, ಹಳೆಯ ಪ್ರೊಜೆಕ್ಟರಿನ ಮಂದ ಬೆಳಕಿನಲ್ಲಿ ಅದಕ್ಕೂ ಹೆಚ್ಚು ಬೇಕು. ಫರಸಿಯ ಫೋಟೊವನ್ನೇ ಹಿನ್ನೆಲೆಗೆ ಹಾಕುವ ಆಸೆಯನ್ನೂ ಬಿಡಬೇಕು. ಕಲ್ಲಿನ ಗೆರೆಗಳೊಳಗೆ ಅಕ್ಷರ ಕಳೆದುಹೋಗುತ್ತದೆ; ಅದರ ಬಣ್ಣವಷ್ಟೇ ಸಾಕು.

ಟೆಂಪ್ಲೇಟ್ ಸರಿಯಾಗಿದೆಯೇ ಎಂದು ನೋಡಲು ‘ರಾಷ್ಟ್ರಕೂಟ’, ‘ಕವಿರಾಜಮಾರ್ಗ’, ‘ಸ್ವಾತಂತ್ರ್ಯ’ ಎಂಬ ಪದಗಳಿರುವ ಮೂರು ಸಾಲು ಬರೆದು, ಕೋಣೆಯ ಕೊನೆಯ ಗೋಡೆಗೆ ಹೋಗಿ ನಿಂತು ಓದಿ. ಒತ್ತು ತುಂಡಾಗದೆ, ಸಾಲಿಗೆ ಸಾಲು ತಾಗದೆ ಕಂಡರೆ ಕೆಲಸ ಮುಗಿಯಿತು.

ಇದು ಪ್ರತಿ ಶಿಕ್ಷಕರೂ ಮಾಡಬೇಕಾದ ಕೆಲಸವಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ಒಂದೊಂದು ಕ್ಲಸ್ಟರಿನಲ್ಲಿ ಆಸಕ್ತಿಯಿರುವ ಒಬ್ಬರು ಕೂತು ಮಾಡಿ, ಕಡತವನ್ನು ಉಳಿದವರ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ ಸಾಕು. ಶಿಕ್ಷಕರ ಮುಂದಿನ ಸಮಾಲೋಚನಾ ಸಭೆಯಲ್ಲಿ ಇದಕ್ಕೊಂದು ಗಂಟೆ ಎತ್ತಿಡಿ. ಪ್ರತಿ ಪಾಠಕ್ಕೂ ಫಾಂಟ್ ಸರಿಪಡಿಸುತ್ತ ಕಳೆಯುವ ಹೊತ್ತು ಆಮೇಲೆ ಪಾಠಕ್ಕೇ ಸಿಗುತ್ತದೆ.