ಮದ್ದಿಗಿಂತ ಮೊದಲೇ ಬರುವ ಓಕರಿಕೆ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಲವು ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆಂದು ಕಲಬುರಗಿಗೆ ಬರುತ್ತಾರೆ; ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆ ಅಲ್ಲಿದೆ. ರಾಸಾಯನಿಕ ಚಿಕಿತ್ಸೆಯನ್ನು ಎರಡು ಮೂರು ಸಲ ಪಡೆದವರಲ್ಲಿ ಕೆಲವರಿಗೆ ಆಸ್ಪತ್ರೆಯ ದಾರಿಯಲ್ಲಿಯೇ ಓಕರಿಕೆ ಬರುವುದುಂಟು. ಮೈಗೆ ಇನ್ನೂ ಒಂದು ಹನಿ ಮದ್ದೂ ಸೇರಿರುವುದಿಲ್ಲ! ಇದಕ್ಕೆ ಕಾರಣವೇನು?

ಮದ್ದಿನಿಂದಲೇ ಬರುವ ಓಕರಿಕೆಯನ್ನು ಮೊದಲು ನೋಡೋಣ. ಈ ಔಷಧಗಳಿಂದ ಕ್ಯಾನ್ಸರ್ ಕೋಶಗಳೊಡನೆ ಸಣ್ಣ ಕರುಳಿನ ಒಳಪದರಕ್ಕೂ ಪೆಟ್ಟು ತಗಲುವುದು. ಆಗ ಅಲ್ಲಿನ ಕೆಲವು ಕೋಶಗಳು ಸಿರೊಟೋನಿನ್ ಎಂಬ ದ್ರವ್ಯವನ್ನು ಹೊರಸೂಸುತ್ತವೆ. ಅದು ವೇಗಸ್ ನರದ ತುದಿಗಳನ್ನು ಕೆರಳಿಸಲು, ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿ ವಾಂತಿಯಾಗುವುದು. 1990ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಆಂಡನ್ಸೆಟ್ರಾನ್ ಈ ಕೆರಳಿಕೆಯನ್ನು ತಡೆಯುತ್ತದೆ. ಅದರಿಂದ ವಾಂತಿ ಬಹುಮಟ್ಟಿಗೆ ಹತೋಟಿಗೆ ಬಂದಿತು. ಓಕರಿಕೆ ಅಷ್ಟು ಸುಲಭವಾಗಿ ಮಣಿಯಲಿಲ್ಲ.

ಮದ್ದಿಗೆ ಮೊದಲೇ ಬರುವ ಓಕರಿಕೆಯಾದರೋ ಕಲಿತ ಪಾಠ. ರಷ್ಯದ ಪಾವ್ಲೊವನ ನಾಯಿಗಳು ಆಹಾರದ ಮುನ್ಸೂಚನೆ ಸಿಕ್ಕಿದೊಡನೆಯೇ ಜೊಲ್ಲು ಸುರಿಸುತ್ತಿದ್ದುವಷ್ಟೆ. ಹಾಗೆಯೇ ರೋಗಿಯ ಮೆದುಳು ಆಸ್ಪತ್ರೆಯ ವಾಸನೆಯನ್ನೂ ದಾರಿಯನ್ನೂ ಓಕರಿಕೆಯೊಡನೆ ಗಂಟುಹಾಕುತ್ತದೆ. ಕಳವಳ ಹೆಚ್ಚಿದಷ್ಟೂ ಈ ಗಂಟು ಬಿಗಿಯಾಗುವುದು. ವಾಂತಿ ತಡೆಯುವ ಮಾತ್ರೆಗಳು ಇಲ್ಲಿ ಹೆಚ್ಚು ನಾಟುವುದಿಲ್ಲ. ಬೇಸತ್ತ ರೋಗಿ ಚಿಕಿತ್ಸೆಯನ್ನೇ ನಡುವೆ ಬಿಟ್ಟರೆ ಪ್ರಾಣಕ್ಕೆ ಅಪಾಯ.

ಯೋಗಕ್ಕೆ ಎಡೆಯಿರುವುದು ಇಲ್ಲಿಯೇ. ಶವಾಸನದಲ್ಲಿ ಮಲಗಿ, ಕಾಲಿನ ಬೆರಳುಗಳಿಂದ ಮುಖದವರೆಗೆ ಒಂದೊಂದೇ ಅಂಗವನ್ನು ಸಡಿಲಗೊಳಿಸುತ್ತ ನಿಧಾನವಾಗಿ ಉಸಿರಾಡಿದರೆ, ಸ್ನಾಯುಗಳ ಬಿಗಿತವೂ ಮನಸ್ಸಿನ ಕಳವಳವೂ ಇಳಿಯುತ್ತವೆ. ಇದನ್ನು ಬೆಂಗಳೂರಿನ ಸಂಶೋಧಕರು ಪರೀಕ್ಷೆಗೆ ಒಡ್ಡಿ, 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸ್ತನ ಕ್ಯಾನ್ಸರಿನ 62 ರೋಗಿಗಳಲ್ಲಿ 28 ಮಂದಿ ದಿನವೂ 60 ನಿಮಿಷ ಯೋಗಾಭ್ಯಾಸ ಮಾಡಿದರು. ಉಳಿದ 34 ಮಂದಿಗೆ ಸಮಾಧಾನದ ಮಾತು ಮತ್ತು ಸಲಹೆ ದೊರೆಯಿತು. ಯೋಗ ಮಾಡಿದವರಲ್ಲಿ ಮದ್ದಿನ ನಂತರದ ಓಕರಿಕೆಯೂ, ಮುನ್ನವೇ ಬರುವ ಓಕರಿಕೆಯ ತೀವ್ರತೆಯೂ ಕಡಮೆಯಾಗಿದ್ದುವು.

ಆದರೆ ಇದು ಸಣ್ಣ ಪ್ರಯೋಗವೆಂಬುದನ್ನು ಮರೆಯಲಾಗದು. ಮೇಲಾಗಿ, ಯೋಗ ಮಾಡುವವನಿಗೆ ತಾನು ಯೋಗ ಮಾಡುತ್ತಿರುವುದು ತಿಳಿದೇ ಇರುತ್ತದೆ. ಅದರ ಫಲವನ್ನು ನಿರೀಕ್ಷೆಯ ಫಲದಿಂದ ಬೇರ್ಪಡಿಸುವುದು ಕಷ್ಟ. ಯೋಗವು ಕ್ಯಾನ್ಸರನ್ನು ಗುಣಪಡಿಸುವುದೆಂದು ಈ ಪ್ರಯೋಗ ಹೇಳುವುದೂ ಇಲ್ಲ. ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ, ಅವರ ಒಪ್ಪಿಗೆ ಪಡೆದು, ಮನೆಯ ಚಾಪೆಯ ಮೇಲೆಯೇ ಇದನ್ನು ಅಭ್ಯಾಸಮಾಡಬಹುದು. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಂತೆ ವಾಂತಿಯಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.