ಹಳ್ಳಿಯೋ, ಹಲ್ಲಿಯೋ?

‘ನಾಳೆ ಹಲ್ಲಿಗೆ ಬರುತ್ತೇವೆ’ ಎಂದು ಮೊಮ್ಮಗಳು ಸಂದೇಶ ಕಳಿಸಿದರೆ ಅಜ್ಜಿ ನಕ್ಕು ಸುಮ್ಮನಾಗುತ್ತಾರೆ. ಆದರೆ ‘ಊಟಕ್ಕೆ ಮೊದಲು ಮಾತ್ರೆ ಬೇಡ’ ಎನ್ನುವುದು ‘ಬೇಕು’ ಎಂದು ಹೋದರೆ ನಗುವ ಹಾಗಿಲ್ಲ. ಫೋನಿನ ಕೀಬೋರ್ಡ್ ತಾನಾಗಿಯೇ ಎರಡು ಮೂರು ಪದ ತೋರಿಸುತ್ತದೆ, ಅವಸರದ ಬೆರಳು ಪಕ್ಕದ್ದನ್ನು ಒತ್ತುತ್ತದೆ. ಅಷ್ಟು ಸಾಕು.

ಮಕ್ಕಳೇ, ಈ ಎರಡು ತಪ್ಪುಗಳಲ್ಲಿ ಒಂದು ಹೋಲಿಕೆ ಇದೆ, ಗಮನಿಸಿದಿರಾ? ‘ಹಲ್ಲಿ’ಯೂ ಸರಿಯಾದ ಪದವೇ, ‘ಬೇಕು’ ಕೂಡ. ಆದ್ದರಿಂದ ಅವುಗಳ ಕೆಳಗೆ ಕೆಂಪು ಗೆರೆ ಸಾಮಾನ್ಯವಾಗಿ ಬೀಳುವುದೇ ಇಲ್ಲ.

ಆ ಗೆರೆಯ ಹಿಂದೆ ಹಳೆಯ ಲೆಕ್ಕಾಚಾರವೊಂದಿದೆ. 1964ರಲ್ಲಿ ಫ್ರೆಡರಿಕ್ ಡ್ಯಾಮೆರೊ ಎಂಬ ಅಮೆರಿಕದ ಸಂಶೋಧಕರು ಕಾಗುಣಿತದ ತಪ್ಪುಗಳನ್ನು ಕೂಡಿಹಾಕಿ ನೋಡಿದರು. ಅವುಗಳಲ್ಲಿ ಶೇ 80ಕ್ಕಿಂತ ಹೆಚ್ಚಿನವು ನಾಲ್ಕೇ ಬಗೆಯವು: ಒಂದು ಅಕ್ಷರ ಬಿಟ್ಟುಹೋಗುವುದು, ಒಂದು ಹೆಚ್ಚಾಗುವುದು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದು, ಅಕ್ಕಪಕ್ಕದ ಎರಡು ಅದಲುಬದಲಾಗುವುದು. ‘ಗಣಪತಿ’ ಹೋಗಿ ‘ಗಪಣತಿ’ ಆದ ಹಾಗೆ. ಪಟ್ಟಿಯಲ್ಲಿಲ್ಲದ ಪದ ಕಂಡರೆ ಯಂತ್ರ ಈ ನಾಲ್ಕು ದಾರಿಯಲ್ಲಿ ಹಿಂದಕ್ಕೆ ನಡೆದು ‘ನಿಮಗೆ ಇದು ಬೇಕಿತ್ತೇ?’ ಎಂದು ಕೇಳಬಲ್ಲದು.

ಕನ್ನಡದಲ್ಲಿ ಪಾಪ, ಆ ಪಟ್ಟಿಗೇ ಕಷ್ಟ. ಮನೆ, ಮನೆಗೆ, ಮನೆಯಲ್ಲಿ, ಮನೆಯವರಿಗೆಲ್ಲ, ಮನೆಯವರಿಗೆಲ್ಲರಿಗೂ... ಒಂದೇ ಪದ ಬಾಲ ಬೆಳೆಸುತ್ತಲೇ ಹೋಗುತ್ತದೆ. ಎಲ್ಲ ರೂಪಗಳನ್ನೂ ಬರೆದಿಡಲು ಯಾರಿಂದ ಸಾಧ್ಯ? ಹಾಗಾಗಿ ಅಜ್ಜ ಸರಿಯಾಗಿ ಬರೆದ ಉದ್ದ ಪದಕ್ಕೂ ಕೆಂಪು ಗೆರೆ ಬೀಳಬಹುದು. ಗೆರೆ ಕಂಡ ಕೂಡಲೇ ಪದವನ್ನು ಅಳಿಸಬೇಕಾಗಿಲ್ಲ.

ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರಿಗೆ ಇನ್ನೊಂದು ತೊಡಕು. ಅಲ್ಲಿ ‘ಎಲ್’ ಒಂದೇ, ನಮ್ಮಲ್ಲಿ ಲ, ಳ ಎರಡು. ‘ಎನ್’ ಒಂದೇ, ನಮ್ಮಲ್ಲಿ ನ, ಣ. ಹಾಲು ಹಾಳಾಗುವುದೂ ಸಾರಿಗೆ ಹುಳಿಯ ಬದಲು ಹುಲಿ ಬೀಳುವುದೂ ಇಲ್ಲೇ.

ಕಣ್ಣಿಗೇ ಕಾಣದ ತಪ್ಪೂ ಇದೆ. ‘ಬಂಗಾರ’ ಎನ್ನುವಾಗ ಕೆಲವರು ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿಬಿಡುತ್ತಾರೆ: ಬ೦ಗಾರ. ನೋಡಲು ಎರಡೂ ದುಂಡಗೆ. ಆದರೆ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಒಂದೊಂದು ಚಿಹ್ನೆಗೂ ಬೇರೆ ಬೇರೆ ಸಂಖ್ಯೆ ಇರುವುದರಿಂದ ಕಂಪ್ಯೂಟರಿಗೆ ಇವು ಎರಡು ಬೇರೆ ಪದಗಳು. ಅಜ್ಜ ತಮ್ಮ ಊರಿನ ಕತೆಗಳನ್ನೆಲ್ಲ ಹೀಗೆ ಸೊನ್ನೆ ಹಾಕಿ ಬರೆದಿಟ್ಟರೆ, ಹತ್ತು ವರ್ಷದ ಮೇಲೆ ಮೊಮ್ಮಕ್ಕಳು ‘ಬಂಗಾರ’ ಎಂದು ಹುಡುಕಿದಾಗ ಆ ಪುಟ ಸಿಗದೇ ಹೋಗಬಹುದು. ನನ್ನ ಲೆಕ್ಕದಲ್ಲಿ ಹಲ್ಲಿಗಿಂತ ಇದೇ ದೊಡ್ಡ ನಷ್ಟ.

‘ಲಕ್ಷ್ಮಿ’ ಎಂದು ಟೈಪ್ ಮಾಡಿ ಅಳಿಸುವ ಕೀಲಿಯನ್ನು ಒಂದೊಂದೇ ಸಲ ಒತ್ತಿ ನೋಡಿ. ಕಾಣುವುದು ಎರಡು ಅಕ್ಷರ, ಒಳಗಿರುವುದು ಏಳು ಚಿಹ್ನೆ. ಬಹಳಷ್ಟು ಫೋನುಗಳಲ್ಲಿ ಮೊದಲು ಗುಡಿಸು ಹೋಗುತ್ತದೆ, ಆಮೇಲೆ ಒತ್ತಕ್ಷರ. ಹಾಗಾಗಿ ಕೊನೆಯ ಗುಣಿತ ತಪ್ಪಿದ್ದಕ್ಕೆ ಇಡೀ ಪದ ಅಳಿಸುವ ಶ್ರಮ ಬೇಡ.

ಇನ್ನು ಹಲ್ಲಿ, ಹುಲಿಗಳನ್ನು ಹಿಡಿಯುವ ಉಪಾಯ ಮನೆಯಲ್ಲೇ ಇದೆ. ಮೊಮ್ಮಕ್ಕಳಿಗೆ ಕೀಲಿಗಳ ಜಾಗ ಗೊತ್ತು, ಅಜ್ಜ ಅಜ್ಜಿಯರ ಕಿವಿಗೆ ಲ, ಳ ವ್ಯತ್ಯಾಸ ಗೊತ್ತು. ಒಬ್ಬರು ಬರೆದದ್ದನ್ನು ಇದ್ದದ್ದು ಇದ್ದ ಹಾಗೆ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕೇಳಲಿ. ಮನಸ್ಸಿನಲ್ಲಿರುವುದನ್ನು ಓದಿಬಿಟ್ಟರೆ ಪ್ರಯೋಜನವಿಲ್ಲ, ಪರದೆಯ ಮೇಲಿರುವುದನ್ನೇ ಓದಬೇಕು. ಮಾತ್ರೆ, ಹಣ, ಬಸ್ಸಿನ ಹೊತ್ತು, ಇಂಥ ಸಂದೇಶಗಳಿಗಾದರೂ ಇದನ್ನು ತಪ್ಪಿಸಬೇಡಿ.

ಓದದೆಯೇ ಕಳಿಸಿಬಿಟ್ಟಿರಾ? ವಾಟ್ಸ್ಆ್ಯಪ್‌ನಲ್ಲಿ 2023ರಿಂದ ಅದಕ್ಕೂ ದಾರಿ ಇದೆ. ಸಂದೇಶದ ಮೇಲೆ ಬೆರಳು ಒತ್ತಿ ಹಿಡಿದರೆ ತಿದ್ದುವ ಆಯ್ಕೆ ಸಿಗುತ್ತದೆ. ಕಳಿಸಿದ 15 ನಿಮಿಷದೊಳಗೆ ತಿದ್ದಬೇಕು, ಅಷ್ಟೇ. ಅಷ್ಟರಲ್ಲಿ ಅಜ್ಜಿ ಅದನ್ನು ಓದಿಯಾಗಿದ್ದರೆ ಫೋನ್ ಮಾಡಿ ಹೇಳಿ.