ಪೊರೆ ದಾಟಿ ಬರುವ ಮದ್ದು

ಹೊಸೂರಿನಿಂದ ಬೆಂಗಳೂರಿನತ್ತ ಹೊರಟ ಬಸ್ಸು ಜೂಜುವಾಡಿಯಲ್ಲಿ ತಮಿಳುನಾಡಿನ ಎಲ್ಲೆಯನ್ನು ಮುಗಿಸಿ, ಅತ್ತಿಬೆಲೆ, ಚಂದಾಪುರಗಳನ್ನು ಹಿಂದಿಕ್ಕಿ ಬೊಮ್ಮಸಂದ್ರವನ್ನು ಸೇರುತ್ತದೆ. ದುಡಿಮೆಗಾಗಿ ನಿತ್ಯವೂ ಈ ದಾರಿಯಲ್ಲಿ ಹೋಗಿಬರುವ ಹೊಸೂರು, ಬಾಗಲೂರು, ತಳಿಯ ಕಡೆಯ ಕನ್ನಡಿಗರಿಗೆ ಅಲ್ಲಿನ ಕಾರ್ಖಾನೆಗಳ ಹೆಸರುಗಳು ಪರಿಚಿತವೇ. ಅವುಗಳಲ್ಲೊಂದಾದ ಬಯೋಕಾನ್‌ನಲ್ಲಿ ಮುಖ್ಯ ದುಡಿಮೆಗಾರರು ಕಣ್ಣಿಗೆ ಬೀಳುವವರಲ್ಲ. ಉಕ್ಕಿನ ಕೊಪ್ಪರಿಗೆಗಳಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ಅವರು. ಮನುಷ್ಯನ ಒಂದು ವಂಶವಾಹಿಯ ಆದೇಶವನ್ನು ಹೊತ್ತು, ತಮಗೇನೂ ಪ್ರಯೋಜನವಿಲ್ಲದ ಇನ್ಸುಲಿನ್ನಿನ ಮೂಲರೂಪವನ್ನು ತಯಾರಿಸಿ ಹೊರಕ್ಕೆ ಸ್ರವಿಸುವುದೇ ಅವುಗಳ ಕಾಯಕ.

ಈ ಕಾಯಕದ ಬೆಲೆ ಸಕ್ಕರೆ ಕಾಯಿಲೆಯವರಿರುವ ಮನೆಗಳಿಗೆ ಗೊತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸುವ ತಮಿಳುನಾಡು ಸರ್ಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್ 5ರಂದು ಮೊದಲುಗೊಂಡದ್ದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ. ಆದರೆ ಎಲ್ಲರ ಕಾಯಿಲೆಯೂ ಮಾತ್ರೆಗೆ ಬಗ್ಗುವುದಿಲ್ಲ. ಎಳವೆಯಲ್ಲಿಯೇ ಮೇದೋಜೀರಕ ಗ್ರಂಥಿ ಕೈಕೊಟ್ಟ ಮಕ್ಕಳಿಗೆ ಇನ್ಸುಲಿನ್ ಚುಚ್ಚುಮದ್ದಲ್ಲದೆ ಅನ್ಯ ಮಾರ್ಗವಿಲ್ಲ.

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡಲಾಯಿತು. ಅಂದಿನಿಂದ ಸುಮಾರು 60 ವರ್ಷ ಈ ಮದ್ದು ಬಂದದ್ದು ಕಸಾಯಿಖಾನೆಗಳಿಂದ. ದನ ಹಾಗೂ ಹಂದಿಯ ಮೇದೋಜೀರಕವನ್ನು ಟನ್ನುಗಟ್ಟಲೆ ಅರೆದು ಸೋಸಿದರೆ ಸಿಗುತ್ತಿದ್ದದ್ದು ಸ್ವಲ್ಪ ಮಾತ್ರ. ಹಂದಿಯ ಇನ್ಸುಲಿನ್ ಮನುಷ್ಯನದಕ್ಕಿಂತ ಒಂದು ಅಮೈನೋ ಆಮ್ಲದಲ್ಲಿಯೂ ದನದ್ದು ಮೂರರಲ್ಲಿಯೂ ಬೇರೆ. ಅಷ್ಟು ವ್ಯತ್ಯಾಸವೇ ಕೆಲವರ ಮೈಗೆ ಒಗ್ಗುತ್ತಿರಲಿಲ್ಲ. ಮದ್ದಿನ ಮೂಲವನ್ನು ಕೇಳಿ ಮನಸ್ಸಿಗೆ ಒಗ್ಗಿಸಿಕೊಳ್ಳಲಾರದವರ ಸಂಕಟ ಬೇರೆಯೇ.

ಬ್ಯಾಕ್ಟೀರಿಯಾದೊಳಗೆ ಅನ್ಯಜೀವಿಯ ವಂಶವಾಹಿಯನ್ನು ಸೇರಿಸುವ ವಿದ್ಯೆ 1973ರಲ್ಲಿ ಕೈಗೂಡಿತು. 1978ರಲ್ಲಿ ಅಮೆರಿಕದ ಜೆನೆಂಟೆಕ್ ಕಂಪನಿ ಮತ್ತು ಸಿಟಿ ಆಫ್ ಹೋಪ್ ಸಂಸ್ಥೆಯ ವಿಜ್ಞಾನಿಗಳು ಮನುಷ್ಯರ ಕರುಳಿನಲ್ಲಿ ಸಹಜವಾಗಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಿಂದ ಮಾನವ ಇನ್ಸುಲಿನ್ ತಯಾರಿಸಿದರು. 1982ರಲ್ಲಿ ಅದು ‘ಹ್ಯೂಮುಲಿನ್’ ಎಂಬ ಹೆಸರಿನಲ್ಲಿ ಔಷಧವಾಯಿತು.

ಇಷ್ಟನ್ನು ಅನೇಕರು ಬಲ್ಲರು. ಆದರೆ ಬ್ಯಾಕ್ಟೀರಿಯಾ ಪ್ರೋಟೀನನ್ನು ತಯಾರಿಸಿದ ಮಾತ್ರಕ್ಕೆ ಮದ್ದು ಸಿದ್ಧವಾಗದು. ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರ. ಆ ಸರ ಸರಿಯಾದ ರೀತಿಯಲ್ಲಿ ಮಡಿಸಿಕೊಂಡರಷ್ಟೇ ಕೆಲಸಕ್ಕೆ ಬರುತ್ತದೆ. 51 ಅಮೈನೋ ಆಮ್ಲಗಳ ಇನ್ಸುಲಿನ್ನಿನಲ್ಲಿ ಎರಡು ಸರಗಳಿದ್ದು, ಗಂಧಕದ ಸೇತುವೆಗಳು ಅವುಗಳನ್ನು ಬಿಗಿದಿವೆ. ಇ. ಕೋಲೈನ ಒಡಲೊಳಗಿನ ವಾತಾವರಣ ಈ ಸೇತುವೆಗಳನ್ನು ಕಟ್ಟಗೊಡುವುದಿಲ್ಲ. ಆಗ ಪ್ರೋಟೀನೆಲ್ಲ ಒಂದಕ್ಕೊಂದು ಅಂಟಿಕೊಂಡು, ಸರಿಯಾಗಿ ತೊಳಸದ ರಾಗಿಮುದ್ದೆಯಲ್ಲಿ ಉಳಿಯುವ ಗಂಟುಗಳಂತಾಗುತ್ತದೆ. ಜೀವಕೋಶವನ್ನು ಒಡೆದು, ಗಂಟುಗಳನ್ನು ಕರಗಿಸಿ, ಸರವನ್ನು ಮತ್ತೆ ಮಡಿಸಬೇಕು. ಒಡೆದ ಕೋಶದ ಸಾವಿರಾರು ಬಗೆಯ ಇತರ ಪ್ರೋಟೀನುಗಳಿಂದ ಅದನ್ನು ಬೇರ್ಪಡಿಸಬೇಕು. ಖರ್ಚೆಲ್ಲ ತಗಲುವುದು ಇಲ್ಲಿ.

ಜೀವಿಯೇ ಆ ಪ್ರೋಟೀನನ್ನು ಹೊರಕ್ಕೆ ಕಳುಹಿಸುವಂತಾದರೆ? ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲ್ಬರ್ಟ್, ಲಿಡಿಯಾ ವಿಲಾ-ಕೊಮರಾಫ್ ಮತ್ತು ಸಂಗಡಿಗರು 1978ರಲ್ಲಿಯೇ ಈ ದಾರಿಯನ್ನು ತೋರಿಸಿದ್ದರು. ಪೆನಿಸಿಲಿನ್ನನ್ನು ಒಡೆಯುವ ಕಿಣ್ವವೊಂದನ್ನು ಇ. ಕೋಲೈ ತನ್ನ ಒಳಪೊರೆಯಾಚೆಗೆ ಸಾಗಿಸುತ್ತದೆ. ಆ ಕಿಣ್ವದ ವಂಶವಾಹಿಗೆ ಇಲಿಯ ಇನ್ಸುಲಿನ್ನಿನ ವಂಶವಾಹಿಯನ್ನು ಅವರು ಜೋಡಿಸಿದರು. ಇಲಿಯ ಪ್ರೋಟೀನೂ ಪೊರೆ ದಾಟಿತು. ಎರಡು ವರ್ಷ ಮುಂಚೆ, 1976ರಲ್ಲಿ, ಇಂಥ ಪ್ರಯೋಗಗಳಿಂದ ಅಪಾಯವೊದಗೀತೆಂಬ ಭಯದಿಂದ ಅದೇ ಊರಿನ ನಗರಸಭೆ ಅವನ್ನು ಕೆಲವು ತಿಂಗಳು ತಡೆಹಿಡಿದಿತ್ತು.

ಪೊರೆ ದಾಟುವ ಗುಟ್ಟಿರುವುದು ಪ್ರೋಟೀನಿನ ತಲೆಯಲ್ಲಿರುವ, ಸುಮಾರು 20 ಅಮೈನೋ ಆಮ್ಲಗಳ ಒಂದು ತುಣುಕಿನಲ್ಲಿ. ಗಡಿಯ ತಪಾಸಣಾ ಠಾಣೆಯಲ್ಲಿ ಲಾರಿಯ ಚಾಲಕ ತೋರಿಸುವ ರಹದಾರಿಯಂತೆ ಅದು. ಪೊರೆಯಲ್ಲಿರುವ ದ್ವಾರ ಆ ತುಣುಕನ್ನು ಗುರುತಿಸಿ ಸರವನ್ನು ಆಚೆಗೆ ಬಿಡುತ್ತದೆ. ದಾಟುತ್ತಿದ್ದಂತೆ ಒಂದು ಕಿಣ್ವ ಆ ರಹದಾರಿಯನ್ನು ಹರಿದುಹಾಕುತ್ತದೆ. ಇಂಥ ವಿಳಾಸಗಳ ಕುರಿತ ಸಂಶೋಧನೆಗಾಗಿ ಗುಂಟರ್ ಬ್ಲೊಬೆಲ್ ಅವರಿಗೆ 1999ರ ನೊಬೆಲ್ ಬಹುಮಾನ ಸಂದಿತು. ಆದರೂ ಇ. ಕೋಲೈಗೆ ಪೊರೆಗಳು ಎರಡು. ಒಳಪೊರೆ ದಾಟಿದ ಸರಕು ಸಾಮಾನ್ಯವಾಗಿ ಹೊರಪೊರೆಯ ಬಳಿ ನಿಂತುಬಿಡುತ್ತದೆ.

ಬಯೋಕಾನ್ ಆರಿಸಿಕೊಂಡ ಜೀವಿ ಬ್ಯಾಕ್ಟೀರಿಯಾವಲ್ಲ, ಪಿಚಿಯಾ ಎಂಬ ಯೀಸ್ಟ್. ಅದು ಸರವನ್ನು ಮಡಿಸಿ, ಸೇತುವೆ ಕಟ್ಟಿ, ಕೋಶದ ಹೊರಗಿನ ದ್ರವಕ್ಕೇ ಬಿಡುತ್ತದೆ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಕಾರು ಶೆಡ್ಡಿನಲ್ಲಿ, 10 ಸಾವಿರ ರೂಪಾಯಿ ಬಂಡವಾಳದೊಡನೆ ಕಿರಣ್ ಮಜುಂದಾರ್ ಆರಂಭಿಸಿದ ಈ ಸಂಸ್ಥೆ ಮೊದಲು ತಯಾರಿಸಿದವುಗಳಲ್ಲಿ ಒಂದು ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೈನ್ ಕಿಣ್ವ. ಕಿಣ್ವಗಳಿಂದ ಹುದುಗುವಿಕೆಗೆ, ಹುದುಗುವಿಕೆಯಿಂದ ಔಷಧಕ್ಕೆ ಬೆಳೆದ ಸಂಸ್ಥೆ 2004ರಲ್ಲಿ ‘ಇನ್ಸುಜೆನ್’ ಎಂಬ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. 2019ರಲ್ಲಿ, ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ 10 ಅಮೆರಿಕನ್ ಸೆಂಟಿಗಿಂತ ಕಡಿಮೆ ದರದಲ್ಲಿ ಇನ್ಸುಲಿನ್ ಒದಗಿಸುವುದಾಗಿ ಅದು ಘೋಷಿಸಿತು. ಆ ದರ ಕಡೆಯ ರೋಗಿಯ ಕೈ ತಲುಪುವ ವೇಳೆಗೆ ಎಷ್ಟಾಗಿರುತ್ತದೆ ಎಂಬುದು ಪ್ರಯೋಗಶಾಲೆ ಉತ್ತರಿಸುವ ಪ್ರಶ್ನೆಯಲ್ಲ.

ಕೊಪ್ಪರಿಗೆಯನ್ನೇ ಬಿಟ್ಟು, ಜೀವಿಯನ್ನು ನೇರವಾಗಿ ರೋಗಿಯ ಕರುಳಿಗೆ ಕಳುಹಿಸಿ ಅಲ್ಲಿಯೇ ಮದ್ದು ಸ್ರವಿಸುವಂತೆ ಮಾಡಬಾರದೇಕೆ ಎಂಬ ಯೋಚನೆಯೂ ಹಳೆಯದಾಗಿದೆ. ಇದಕ್ಕೆ ವಿಜ್ಞಾನಿಗಳು ಆರಿಸಿದ್ದು ಹಾಲನ್ನು ಹುಳಿಗೊಳಿಸುವ ಲ್ಯಾಕ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು; ಅಡುಗೆಮನೆಯ ಹೆಪ್ಪಿನ ಬಳಗದ್ದೇ ಅದು. ಅದಕ್ಕಿರುವುದು ಒಂದೇ ಪೊರೆ, ಆದ್ದರಿಂದ ಪೊರೆ ದಾಟಿದ್ದೆಲ್ಲ ಹೊರಗೇ. ಬೆಲ್ಜಿಯಂ ದೇಶದ ಲೋಥರ್ ಸ್ಟೈಡ್ಲರ್ ಮತ್ತು ತಂಡದವರು, ಉರಿಯೂತವನ್ನು ತಗ್ಗಿಸುವ ಪ್ರೋಟೀನೊಂದನ್ನು ಸ್ರವಿಸುವಂತೆ ಅದನ್ನು ಮಾರ್ಪಡಿಸಿ, ಇಲಿಗಳ ಕರುಳಿನ ಉರಿಯೂತ ಶಮನವಾದುದನ್ನು 2000ದಲ್ಲಿ ವರದಿ ಮಾಡಿದರು. ಮಾರ್ಪಟ್ಟ ಜೀವಿ ಮಲದೊಡನೆ ಹೊರಬಂದು ಹೊಲಗದ್ದೆ ಸೇರಿದರೇನು ಗತಿ ಎಂಬ ಪ್ರಶ್ನೆಗೂ ಅವರು ಉಪಾಯ ಹೂಡಿದರು. ಜೀವಿಗೆ ಅವಶ್ಯವಾದ ಥೈಮಿಡಿನ್ ಎಂಬ ವಸ್ತುವನ್ನು ತಯಾರಿಸಲು ಬೇಕಾದ ವಂಶವಾಹಿಯನ್ನೇ ಕಿತ್ತು, ಮದ್ದಿನ ವಂಶವಾಹಿಯನ್ನು ಆ ಜಾಗದಲ್ಲಿ ನಾಟಿದರು. ಥೈಮಿಡಿನ್ ಸಿಗದ ಕಡೆ ಅದು ಸಾಯುತ್ತದೆ. 2006ರಲ್ಲಿ ಹತ್ತು ಮಂದಿ ರೋಗಿಗಳ ಮೇಲಿನ ಪ್ರಯೋಗದಲ್ಲಿ ಇದು ನಿರಪಾಯವೆಂದು ಕಂಡಿತು. ಆದರೆ ತರುವಾಯದ ಪರೀಕ್ಷೆಯಲ್ಲಿ ಹುಸಿಮದ್ದು ಪಡೆದವರಿಗಿಂತ ಗಣನೀಯವಾದ ಗುಣವೇನೂ ತೋರಲಿಲ್ಲ. ಇಲಿಗೆ ಫಲಿಸಿದ್ದು ಮನುಷ್ಯನಿಗೆ ಫಲಿಸದಿರುವುದು ವೈದ್ಯವಿಜ್ಞಾನದಲ್ಲಿ ಅಪೂರ್ವವೇನಲ್ಲ.

ಮನೆಯ ಮೊಸರಿನಲ್ಲಿ ಇಂಥ ಮಾರ್ಪಟ್ಟ ಜೀವಿಗಳಿಲ್ಲ. ಮೊಸರು ಇನ್ಸುಲಿನ್ನಿಗೆ ಬದಲಿಯೂ ಅಲ್ಲ. ಮಾರ್ಪಡಿಸಿದ ಜೀವಿಗಳ ಬಳಕೆಯನ್ನು ಭಾರತದಲ್ಲಿ 1989ರ ನಿಯಮಗಳು ಬಿಗಿಯಾಗಿ ಕಟ್ಟಿವೆ.

ಇಷ್ಟೆಲ್ಲ ಜಾಣ್ಮೆಯಿಂದ ಪೊರೆ ದಾಟಿಸಿ ತಂದ ಪ್ರೋಟೀನು ಬಿಸಿಲಿಗೆ ಮಾತ್ರ ಬಹು ಬೇಗ ಸೋಲುತ್ತದೆ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡಬೇಕು. ಹೆಪ್ಪುಗಟ್ಟಿದರೂ ಅದು ಕೆಟ್ಟಂತೆಯೇ. ಬಳಕೆಗೆ ತೆರೆದ ಸೀಸೆ ಸಾಮಾನ್ಯವಾಗಿ ನಾಲ್ಕು ವಾರ ಮಾತ್ರ ಬಾಳುತ್ತದೆ, ಅದೂ ಕೋಣೆ ಕಾಯದಿದ್ದರೆ. ಫ್ರಿಜ್ ಇಲ್ಲದ ಮನೆಗಳಲ್ಲಿ, ನೀರು ಚಿಮುಕಿಸಿದ ಮರಳಿನ ನಡುವೆ ಮಣ್ಣಿನ ಕುಡಿಕೆಯನ್ನು ಹೂತು, ನೀರು ತಾಗದಂತೆ ಸೀಸೆಯನ್ನು ಅದರಲ್ಲಿರಿಸಿ, ಬಿಸಿಲು ಬೀಳದ ಮೂಲೆಯಲ್ಲಿ ಇಡುವುದುಂಟು.